ಆ್ಯಪ್ ಮಾಡಿದ್ದಾಯಿತು, ಇನ್ನು ಜನರಿಗೆ ತಲುಪಿಸುವುದು ಹೇಗೆ? ಡೌನ್‌ಲೋಡ್ ಹೆಚ್ಚಿಸಲು ಸಮಗ್ರ ಮಾರ್ಗದರ್ಶಿ

ಆ್ಯಪ್ ಬಿಡುಗಡೆಯಾದ ದಿನ ಮನೆಮಂದಿ, ಗೆಳೆಯರು, ಹಳೆಯ ಸಹೋದ್ಯೋಗಿಗಳು ಎಲ್ಲರೂ ಡೌನ್‌ಲೋಡ್ ಮಾಡಿಕೊಳ್ಳುತ್ತಾರೆ. ಮೂರ್ನಾಲ್ಕು ದಿನ ಗ್ರಾಫ್ ಮೇಲೇರುತ್ತದೆ. ವಾರ ಕಳೆಯುವಷ್ಟರಲ್ಲಿ ಅದು ನೆಲಕ್ಕಂಟಿದ ಗೆರೆಯಾಗಿರುತ್ತದೆ. ಆಗ ಹೆಚ್ಚಿನವರು ಮಾಡುವ ಕೆಲಸ ಒಂದೇ, ಜಾಹೀರಾತಿಗೆ ದುಡ್ಡು ಸುರಿಯುವುದು. ನನ್ನ ಮೊದಲ ಆ್ಯಪ್‌ಗೆ ನಾನೂ ಹಾಗೆಯೇ ಮಾಡಿದೆ. ದುಡ್ಡು ಇದ್ದಷ್ಟು ದಿನ ಡೌನ್‌ಲೋಡ್ ಬಂತು, ಮುಗಿದ ಮರುದಿನ ನಿಂತಿತು. ಬಂದವರಲ್ಲಿ ಬಹುಪಾಲು ಜನ ಅಷ್ಟರಲ್ಲಿ ಆ್ಯಪನ್ನು ಫೋನಿನಿಂದ ತೆಗೆದುಹಾಕಿದ್ದರು.

ಅದಾದ ಮೇಲೆ ನಾನು ಪಾಲಿಸಿಕೊಂಡು ಬಂದಿರುವ ಕ್ರಮ ಇದಕ್ಕೆ ಪೂರ್ತಿ ತಿರುವುಮುರುವು. ಒಳಗೆ ಬಂದವರು ಯಾಕೆ ಹೊರಟುಹೋಗುತ್ತಾರೆ ಎಂಬುದನ್ನು ಮೊದಲು ನೋಡುತ್ತೇನೆ. ಬಾಗಿಲ ತನಕ ಬಂದವರು ಯಾಕೆ ಒಳಗೆ ಬರುತ್ತಿಲ್ಲ ಎಂಬುದು ಆಮೇಲೆ. ದಾರಿಯಲ್ಲಿ ಹೋಗುವವರನ್ನು ಕರೆಯುವುದು ಕೊನೆಗೆ. ಈ ಬರಹವೂ ಅದೇ ಕ್ರಮದಲ್ಲಿದೆ. ಮಾತು ಗಾಳಿಯಲ್ಲಿ ತೇಲದಿರಲಿ ಎಂದು ಉದ್ದಕ್ಕೂ ಒಂದೇ ಉದಾಹರಣೆ ಇಟ್ಟುಕೊಳ್ಳುತ್ತೇನೆ: ಹೊತ್ತುಹೊತ್ತಿಗೆ ಮಾತ್ರೆ ತೆಗೆದುಕೊಳ್ಳಲು ನೆನಪಿಸುವ ಪುಟ್ಟ ಆ್ಯಪ್.

ಹಂತ 1: ಯಾರಿಗಾಗಿ ಎಂದು ಒಂದೇ ವಾಕ್ಯದಲ್ಲಿ ಬರೆಯಿರಿ

‘ಎಲ್ಲರಿಗೂ ಉಪಯೋಗವಾಗುತ್ತದೆ’ ಎಂಬ ಉತ್ತರ ಬಂದರೆ ಇನ್ನೂ ಯೋಚಿಸಬೇಕಿದೆ ಎಂದರ್ಥ. ಮಾತ್ರೆ ನೆನಪಿಸುವ ಆ್ಯಪ್ ಯಾರಿಗೆ ಬೇಕು? ದಿನಕ್ಕೆ ನಾಲ್ಕೈದು ಬಗೆಯ ಮಾತ್ರೆ ತೆಗೆದುಕೊಳ್ಳುವ ಹಿರಿಯರಿಗೆ ಬೇಕು. ಆದರೆ ಅದನ್ನು ಹುಡುಕಿ, ಡೌನ್‌ಲೋಡ್ ಮಾಡಿ, ಹೊಂದಿಸಿ ಕೊಡುವವರು ಹಲವು ಸಲ ಅವರ ಮಗಳೋ ಮಗನೋ ಆಗಿರುತ್ತಾರೆ. ಅಂದರೆ ಬಳಸುವವರು ಒಬ್ಬರು, ಹುಡುಕುವವರು ಇನ್ನೊಬ್ಬರು. ಇದು ಹೊಳೆದ ಕೂಡಲೇ ಸ್ಟೋರ್ ಪುಟದ ಭಾಷೆ, ಚಿತ್ರಗಳು, ಆ್ಯಪ್ ಬಗ್ಗೆ ಹೇಳಬೇಕಾದ ಜಾಗಗಳು ಎಲ್ಲವೂ ಬದಲಾಗುತ್ತವೆ. ‘ದೂರದಲ್ಲಿರುವ ಅಪ್ಪ-ಅಮ್ಮ ಮಾತ್ರೆ ತೆಗೆದುಕೊಂಡರೋ ಇಲ್ಲವೋ ಎಂದು ಚಿಂತಿಸುವ ಮಕ್ಕಳಿಗಾಗಿ.’ ನಿಮ್ಮ ವಾಕ್ಯ ಇಷ್ಟು ಖಚಿತವಾಗಿರಲಿ. ಅದನ್ನು ಕಾಗದದ ಮೇಲೆ ಬರೆದು ಕಣ್ಣೆದುರು ಅಂಟಿಸಿಕೊಳ್ಳಿ.

ಹಂತ 2: ಮೊದಲು ತೂತು ಮುಚ್ಚಿ

ತೂತು ಕೊಡಕ್ಕೆ ಎಷ್ಟು ನೀರು ಹೊಯ್ದರೂ ಅಷ್ಟೇ. ನನ್ನ ಪ್ರಕಾರ ಇಡೀ ಕೆಲಸದಲ್ಲಿ ಅತಿ ಹೆಚ್ಚು ಫಲ ಕೊಡುವ ಹಂತ ಇದು. ಅತಿ ಹೆಚ್ಚು ಜನ ದಾಟಿಕೊಂಡು ಹೋಗುವ ಹಂತವೂ ಇದೇ.

ನಿಮ್ಮ ಆ್ಯಪನ್ನು ಒಮ್ಮೆಯೂ ನೋಡದ ಐದು ಮಂದಿಯನ್ನು ಹುಡುಕಿ. ಒಬ್ಬೊಬ್ಬರನ್ನೇ ಕೂರಿಸಿ, ಅವರದೇ ಫೋನ್ ಕೊಟ್ಟು, ‘ಇದನ್ನು ಹಾಕಿಕೊಂಡು ನಿಮ್ಮ ಒಂದು ಮಾತ್ರೆ ಸೇರಿಸಿ ನೋಡಿ’ ಎಂದು ಹೇಳಿ ಸುಮ್ಮನಾಗಿ. ಸಹಾಯ ಮಾಡಬೇಡಿ. ನಾನು ಹೀಗೆ ಕುಳಿತಾಗ ಹಿರಿಯರೊಬ್ಬರ ಹೆಬ್ಬೆರಳು ಎರಡನೇ ಪರದೆಯಲ್ಲೇ ನಿಂತುಬಿಟ್ಟಿತು. ಆ್ಯಪ್ ತೆರೆದ ಕೂಡಲೇ ನೋಟಿಫಿಕೇಶನ್‌ಗೆ ಅನುಮತಿ ಕೇಳಿದ್ದೆವು, ಅದರ ಬೆನ್ನಲ್ಲೇ ಕಾಂಟ್ಯಾಕ್ಟ್ಸ್‌ಗೆ ಅನುಮತಿ, ಅದರ ಬೆನ್ನಲ್ಲೇ ಇಮೇಲ್ ಹಾಕಿ ಖಾತೆ ತೆರೆಯಿರಿ ಎಂಬ ಪರದೆ. ಅವರು ನನ್ನ ಮುಖ ನೋಡಿ, ‘ಇವೆಲ್ಲ ಯಾಕೆ ಕೇಳ್ತಿದೆ?’ ಎಂದರು. ಅವರ ಕಾಂಟ್ಯಾಕ್ಟ್ಸ್ ಆಗಲಿ ಇಮೇಲ್ ಆಗಲಿ ಆ ಗಳಿಗೆಯಲ್ಲಿ ನಮಗೆ ಬೇಕಾಗಿಯೇ ಇರಲಿಲ್ಲ. ಆ ಮೂರೂ ಪರದೆಗಳನ್ನು ಮುಂದಿನ ಆವೃತ್ತಿಯಲ್ಲಿ ಹಿಂದಕ್ಕೆ ತಳ್ಳಿದೆವು. ಮೊದಲು ಮಾತ್ರೆ ಸೇರಿಸಲಿ. ಅದು ಮುಗಿದ ಮೇಲೆ ‘ಸಮಯಕ್ಕೆ ಸರಿಯಾಗಿ ನೆನಪಿಸಬೇಕೆಂದರೆ ನೋಟಿಫಿಕೇಶನ್‌ಗೆ ಅನುಮತಿ ಬೇಕು’ ಎಂದು ಕಾರಣ ಹೇಳಿ ಕೇಳಿದರೆ ಜನ ಕೊಡುತ್ತಾರೆ. ಐಫೋನ್‌ನಲ್ಲಿ ಈ ಅನುಮತಿ ಬಹಳ ಹಿಂದಿನಿಂದಲೂ ಬೇಕು. 2022ರ ಆ್ಯಂಡ್ರಾಯ್ಡ್ 13ರಿಂದ ಅಲ್ಲೂ ಬೇಕು. ನೆನಪಿಸುವುದೇ ಕಸುಬಾದ ಆ್ಯಪ್‌ಗೆ ಇಲ್ಲಿ ಒಂದು ‘ಬೇಡ’ ಬಿದ್ದರೆ ಆ ಡೌನ್‌ಲೋಡ್ ವ್ಯರ್ಥ.

ಎರಡನೆಯದಾಗಿ, ಎಷ್ಟು ಜನ ಉಳಿಯುತ್ತಾರೆ ಎಂದು ಅಳೆಯಿರಿ. ಹಾಕಿಕೊಂಡವರಲ್ಲಿ 1ನೇ ದಿನ, 7ನೇ ದಿನ, 30ನೇ ದಿನ ಎಷ್ಟು ಮಂದಿ ಮತ್ತೆ ತೆರೆದರು ಎಂಬ ಮೂರು ಅಂಕಿ ಸಾಕು. 1ನೇ ದಿನದಲ್ಲೇ ಕುಸಿತವಿದ್ದರೆ ದೋಷ ಆರಂಭದ ಪರದೆಗಳಲ್ಲಿರಬಹುದು, ಇಲ್ಲವೇ ಸ್ಟೋರ್ ಪುಟ ಏನನ್ನೋ ಹೇಳಿ ಆ್ಯಪ್ ಇನ್ನೇನನ್ನೋ ಕೊಡುತ್ತಿರಬಹುದು. 7ರಿಂದ 30ರ ನಡುವೆ ಕುಸಿದರೆ, ಆ್ಯಪ್ ಅರ್ಥವಾಗಿದೆ, ಆದರೆ ಅಭ್ಯಾಸವಾಗಿಲ್ಲ.

ಮೂರನೆಯದು ಕ್ರ್ಯಾಶ್, ಅಂದರೆ ಆ್ಯಪ್ ಇದ್ದಕ್ಕಿದ್ದಂತೆ ಮುಚ್ಚಿಹೋಗುವುದು. ಆ್ಯಪ್ ಮಾಡಿದವರು ಅದನ್ನು ನಿರ್ವಹಿಸುವ ಗೂಗಲ್ ಪ್ಲೇ ಕನ್ಸೋಲ್‌ನಲ್ಲಿ ಆ್ಯಂಡ್ರಾಯ್ಡ್ ವೈಟಲ್ಸ್ ಎಂಬ ವಿಭಾಗವಿದೆ. ದಿನವೊಂದರಲ್ಲಿ ಆ್ಯಪ್ ಬಳಸಿದವರಲ್ಲಿ ಶೇ. 1.09ಕ್ಕಿಂತ ಹೆಚ್ಚು ಮಂದಿಗೆ ಕ್ರ್ಯಾಶ್ ಎದುರಾದರೆ, ಅಥವಾ ಶೇ. 0.47ಕ್ಕಿಂತ ಹೆಚ್ಚು ಮಂದಿಗೆ ಆ್ಯಪ್ ಸ್ಪಂದಿಸದೆ ಹೆಪ್ಪುಗಟ್ಟಿದರೆ, ಪ್ಲೇ ಸ್ಟೋರ್ ಅದನ್ನು ಕೆಟ್ಟ ಗುಣಮಟ್ಟ ಎಂದು ಎಣಿಸಿ ಆ್ಯಪ್ ಜನರ ಕಣ್ಣಿಗೆ ಬೀಳುವುದನ್ನೇ ಕಡಿಮೆ ಮಾಡಬಹುದು. ಅಂದರೆ ಕ್ರ್ಯಾಶ್ ಸರಿಪಡಿಸುವುದು ಎಂಜಿನಿಯರ್‌ಗಳ ತಲೆನೋವಷ್ಟೇ ಅಲ್ಲ, ಅದೂ ಮಾರ್ಕೆಟಿಂಗೇ. ಆ್ಯಪ್‌ನ ಗಾತ್ರಕ್ಕೂ ಇದೇ ಮಾತು. ಹಳೆಯ ಫೋನಿನಲ್ಲಿ ಜಾಗವಿಲ್ಲದವರು ಮೊದಲು ಅಳಿಸುವುದೇ ಭಾರದ ಆ್ಯಪನ್ನು.

ಹಂತ 3: ಜನ ಹುಡುಕುವ ಮಾತಿನಲ್ಲೇ ಹೆಸರಿಡಿ

2008ರ ಜುಲೈನಲ್ಲಿ ಆಪಲ್‌ನ ಆ್ಯಪ್ ಸ್ಟೋರ್ ತೆರೆದಾಗ ಅಲ್ಲಿದ್ದದ್ದು 500 ಆ್ಯಪ್. ಆಗ ಪಟ್ಟಿಯನ್ನು ಮೇಲಿಂದ ಕೆಳಗೆ ನೋಡಿಯೇ ಮುಗಿಸಬಹುದಿತ್ತು. ಇಂದು ಲಕ್ಷಗಟ್ಟಲೆ ಆ್ಯಪ್‌ಗಳ ನಡುವೆ ಜನ ಹುಡುಕಿಯೇ ತಲುಪಬೇಕು. ಹುಡುಕುವಾಗ ಅವರು ಟೈಪ್ ಮಾಡುವುದು ನೀವು ಪ್ರೀತಿಯಿಂದ ಇಟ್ಟ ಹೆಸರನ್ನಲ್ಲ, ತಮ್ಮ ಕಷ್ಟವನ್ನು.

ಕೆಲಸ ಶುರುವಾಗುವುದು ಪದಗಳ ಪಟ್ಟಿಯಿಂದ. ಹಂತ 2ರಲ್ಲಿ ಕೂರಿಸಿದ ಐದು ಮಂದಿಯನ್ನೇ ಕೇಳಿ: ‘ಇಂಥದ್ದೊಂದು ಬೇಕಾದರೆ ಸ್ಟೋರ್‌ನಲ್ಲಿ ಏನೆಂದು ಟೈಪ್ ಮಾಡುತ್ತೀರಿ?’ ಒಬ್ಬರು ‘ಮಾತ್ರೆ ಅಲಾರಂ’ ಎನ್ನುತ್ತಾರೆ, ಇನ್ನೊಬ್ಬರು ‘ಮೆಡಿಸಿನ್ ರಿಮೈಂಡರ್’, ಮತ್ತೊಬ್ಬರು ‘ಬಿಪಿ ಮಾತ್ರೆ’. ಆಮೇಲೆ ಸ್ಟೋರ್‌ನ ಹುಡುಕುವ ಜಾಗದಲ್ಲಿ ಒಂದೊಂದೇ ಅಕ್ಷರ ಒತ್ತಿ, ಅದಾಗಿ ಬರುವ ಸಲಹೆಗಳನ್ನು ಬರೆದುಕೊಳ್ಳಿ. ಅವು ಜನರ ಹುಡುಕಾಟದಿಂದಲೇ ಹುಟ್ಟಿದವು. ಪ್ರತಿಸ್ಪರ್ಧಿ ಆ್ಯಪ್‌ಗಳ ವಿಮರ್ಶೆಗಳನ್ನೂ ಓದಿ. ‘ಅಮ್ಮನಿಗೆ ಹಾಕಿಕೊಟ್ಟೆ, ಅಕ್ಷರ ತೀರಾ ಸಣ್ಣದು’ ಎಂಬಂಥ ಒಂದು ಸಾಲು ನಿಮಗೆ ಪದವನ್ನೂ ಕೊಡುತ್ತದೆ, ಆ್ಯಪ್‌ನಲ್ಲಿ ಏನು ಮಾಡಬೇಕೆಂಬ ಸುಳಿವನ್ನೂ ಕೊಡುತ್ತದೆ.

ಈಗ ಆ ಪದಗಳನ್ನು ಎಲ್ಲಿಡಬೇಕು ಎಂಬುದು. ಎರಡು ಸ್ಟೋರ್‌ಗಳ ನಡತೆ ಬೇರೆ ಬೇರೆ. ಒಂದಕ್ಕೆ ಬರೆದದ್ದನ್ನೇ ಇನ್ನೊಂದಕ್ಕೆ ಅಂಟಿಸಿದರೆ ಅರ್ಧ ಅವಕಾಶ ಕೈತಪ್ಪುತ್ತದೆ.

ಆ್ಯಪ್ ಸ್ಟೋರ್‌ನಲ್ಲಿ ಹೆಸರಿಗೆ 30 ಅಕ್ಷರ, ಅದರ ಕೆಳಗಿನ ಉಪಶೀರ್ಷಿಕೆಗೆ 30 ಅಕ್ಷರ. ಜೊತೆಗೆ ಬಳಕೆದಾರರಿಗೆ ಕಾಣದ ಕೀವರ್ಡ್ (ಹುಡುಕುವ ಪದಗಳ) ಜಾಗವೊಂದಿದೆ, ಅದಕ್ಕೆ 100 ಅಕ್ಷರ. ಅಲ್ಲಿ ಪದಗಳ ನಡುವೆ ಅಲ್ಪವಿರಾಮ ಸಾಕು, ಖಾಲಿ ಜಾಗ ಬಿಟ್ಟು ಅಕ್ಷರ ಕಳೆಯಬೇಡಿ. ಹೆಸರಿನಲ್ಲಿ ಬಂದ ಪದವನ್ನು ಇಲ್ಲಿ ಮತ್ತೆ ಹಾಕುವುದೂ ದಂಡ. ಹುಡುಕಾಟದ ಲೆಕ್ಕಕ್ಕೆ ಉದ್ದದ ವಿವರಣೆಯನ್ನು ಇಲ್ಲಿ ನೆಚ್ಚಿಕೊಳ್ಳಬೇಡಿ, ಅದು ಓದುವ ಮನುಷ್ಯರಿಗಾಗಿ ಇರುವುದು.

ಪ್ಲೇ ಸ್ಟೋರ್‌ನಲ್ಲಿ ಗುಪ್ತ ಕೀವರ್ಡ್ ಜಾಗವೇ ಇಲ್ಲ. ಹೆಸರಿಗೆ 30 ಅಕ್ಷರ (2021ರ ಮುಂಚೆ 50 ಇತ್ತು), ಕಿರು ವಿವರಣೆಗೆ 80, ಪೂರ್ಣ ವಿವರಣೆಗೆ 4000. ಹುಡುಕಾಟಕ್ಕೆ ಇಲ್ಲಿ ಪೂರ್ಣ ವಿವರಣೆಯೂ ಲೆಕ್ಕಕ್ಕೆ ಬರುತ್ತದೆ. ಹಾಗೆಂದು ‘ಮಾತ್ರೆ’ ಎಂಬ ಪದವನ್ನು ಐವತ್ತು ಸಲ ತುರುಕಿದರೆ ನೀತಿಯ ಉಲ್ಲಂಘನೆಯಾಗುತ್ತದೆ. ಸಹಜವಾಗಿ ಬರೆಯಿರಿ, ಮುಖ್ಯ ಪದಗಳು ಮೊದಲ ಪ್ಯಾರಾದಲ್ಲೇ ಬರಲಿ. ಪ್ಲೇ ಸ್ಟೋರ್‌ನ ಹೆಸರಿನಲ್ಲಿ ‘ನಂಬರ್ 1’, ‘ಉಚಿತ’, ‘ಈಗಲೇ ಡೌನ್‌ಲೋಡ್ ಮಾಡಿ’ ಎಂಬಂಥ ಮಾತುಗಳಿಗೂ ಎಮೋಜಿಗೂ ಅವಕಾಶವಿಲ್ಲ. ಎರಡೂ ಕಡೆ ಬೇರೆಯವರ ಬ್ರ್ಯಾಂಡ್ ಹೆಸರು ಬಳಸುವ ಆಸೆ ಬೇಡ. ಅದರಿಂದ ಆ್ಯಪ್ ತಿರಸ್ಕೃತವಾದೀತು.

ಹೆಸರಿನ ವಿಷಯದಲ್ಲಿ ನನ್ನ ಸೂತ್ರ ಸರಳ: ಒಂದು ಚಿಕ್ಕ ಹೆಸರು, ಅದರ ಪಕ್ಕ ಕೆಲಸ ಹೇಳುವ ಎರಡು ಪದ. ‘ಗುಳಿಗೆ: ಮಾತ್ರೆ ರಿಮೈಂಡರ್’ ಎಂದರೆ ಯಾರಿಗೂ ವಿವರಿಸಬೇಕಿಲ್ಲ.

ಹಂತ 4: ಐಕಾನ್, ಸ್ಕ್ರೀನ್‌ಶಾಟ್, ವಿಡಿಯೊ

ಒಂದು ಸಣ್ಣ ಲೆಕ್ಕ ಹಾಕಿ. ತಿಂಗಳಿಗೆ 1000 ಜನ ನಿಮ್ಮ ಪುಟ ನೋಡಿ 200 ಜನ ಡೌನ್‌ಲೋಡ್ ಮಾಡುತ್ತಿದ್ದಾರೆ ಎಂದಿಟ್ಟುಕೊಳ್ಳಿ. ಪುಟವನ್ನು ಸುಧಾರಿಸಿ ಅದನ್ನು 300ಕ್ಕೆ ಏರಿಸಿದರೆ ಒಬ್ಬನೇ ಒಬ್ಬ ಹೊಸ ಭೇಟಿಗಾರನಿಲ್ಲದೆ ಡೌನ್‌ಲೋಡ್ ಒಂದೂವರೆ ಪಟ್ಟಾಯಿತು. ಮುಂದೆ ಜಾಹೀರಾತು ಹಾಕಿದರೆ ಆ ದುಡ್ಡೂ ಒಂದೂವರೆ ಪಟ್ಟು ದುಡಿಯುತ್ತದೆ. ಅದಕ್ಕೇ ಪುಟದ ಕೆಲಸ ಜಾಹೀರಾತಿಗಿಂತ ಮೊದಲು.

ಐಕಾನ್‌ನಲ್ಲಿ ಒಂದೇ ಆಕಾರ, ಎರಡು ಬಣ್ಣ, ಅಕ್ಷರಗಳು ಇಲ್ಲದಿದ್ದರೆ ಒಳ್ಳೆಯದು. ಅದನ್ನು ಫೋನಿನ ಪರದೆಯಲ್ಲಿ ಉಳಿದ ಇಪ್ಪತ್ತು ಐಕಾನ್‌ಗಳ ನಡುವೆ ಇಟ್ಟು ತೋಳಿನಷ್ಟು ದೂರದಿಂದ ನೋಡಿ. ಕಣ್ಣಿಗೆ ಬೀಳದಿದ್ದರೆ ಬದಲಿಸಿ.

ಸ್ಕ್ರೀನ್‌ಶಾಟ್‌ಗಳನ್ನು ಆ್ಯಪ್ ಸ್ಟೋರ್‌ನಲ್ಲಿ 10ರವರೆಗೆ, ಪ್ಲೇ ಸ್ಟೋರ್‌ನಲ್ಲಿ ಫೋನಿಗೆ 8ರವರೆಗೆ ಹಾಕಬಹುದು. ಆದರೆ ನಿಜವಾದ ಕೆಲಸ ಮಾಡುವುದು ಮೊದಲ ಎರಡು-ಮೂರು. ಎಷ್ಟೋ ಜನ ಮುಂದಿನದಕ್ಕೆ ಬೆರಳನ್ನೇ ಸರಿಸುವುದಿಲ್ಲ. ಆ್ಯಪ್ ಸ್ಟೋರ್‌ನ ಹುಡುಕಾಟದ ಫಲಿತಾಂಶದಲ್ಲೇ ಮೊದಲ ಚಿತ್ರಗಳೂ ಡೌನ್‌ಲೋಡ್ ಬಟನ್ನೂ ಒಟ್ಟಿಗೆ ಕಾಣುವುದರಿಂದ, ಪುಟ ತೆರೆಯದೆಯೇ ನಿರ್ಧಾರ ಮುಗಿದಿರುತ್ತದೆ. ಹಾಗಾಗಿ ಲಾಗಿನ್ ಪರದೆಯನ್ನೋ ಸ್ವಾಗತದ ಪರದೆಯನ್ನೋ ಮೊದಲ ಚಿತ್ರವಾಗಿ ಹಾಕಬೇಡಿ. ಹೆಚ್ಚಿನ ಆ್ಯಪ್‌ಗಳು ಅಲ್ಲಿ ಹೀಗೆ ಬರೆಯುತ್ತವೆ: ‘ಸುಲಭ ಇಂಟರ್‌ಫೇಸ್, ಹಲವು ಸೌಲಭ್ಯಗಳು.’ ಇದು ಯಾವ ಆ್ಯಪ್‌ಗಾದರೂ ಸಲ್ಲುವ ಮಾತು. ಬದಲಿಗೆ ‘ಅಮ್ಮ ರಾತ್ರಿಯ ಮಾತ್ರೆ ತೆಗೆದುಕೊಂಡರು, 9:05’ ಎಂಬ ನೋಟಿಫಿಕೇಶನ್ ಮಗಳ ಫೋನಿನಲ್ಲಿ ಬಂದಿರುವ ಚಿತ್ರ ತೋರಿಸಿ. ಹಂತ 1ರ ವಾಕ್ಯ ಇಲ್ಲಿ ಕಣ್ಣಿಗೆ ಕಾಣುವ ಹಾಗಾಯಿತು.

ವಿಡಿಯೊ ಕಡ್ಡಾಯವಲ್ಲ. ಮಾಡುವುದಾದರೆ ಆ್ಯಪ್ ಸ್ಟೋರ್‌ನಲ್ಲಿ ಅದು 15ರಿಂದ 30 ಸೆಕೆಂಡ್ ಇರಬೇಕು. ಅಲ್ಲಿ ಅದು ಸದ್ದಿಲ್ಲದೆ ತಾನಾಗಿ ಓಡಲು ಶುರುವಾಗುತ್ತದೆ, ಹಾಗಾಗಿ ಧ್ವನಿಯನ್ನು ನೆಚ್ಚದೆ ಅರ್ಥವಾಗಬೇಕು.

ಯಾವ ಚಿತ್ರ ಒಳ್ಳೆಯದು ಎಂದು ತಂಡದೊಳಗೆ ವಾದ ಮಾಡುತ್ತ ಕೂರಬೇಡಿ. ಪ್ಲೇ ಕನ್ಸೋಲ್‌ನ ಸ್ಟೋರ್ ಲಿಸ್ಟಿಂಗ್ ಎಕ್ಸ್‌ಪೆರಿಮೆಂಟ್ಸ್‌ನಲ್ಲೂ ಆಪಲ್‌ನ ಪ್ರಾಡಕ್ಟ್ ಪೇಜ್ ಆಪ್ಟಿಮೈಸೇಶನ್‌ನಲ್ಲೂ ಈಗಿನ ಪುಟದ ಎದುರು ಮೂರು ಬದಲಿಗಳ ತನಕ ಇಟ್ಟು ನಿಜವಾದ ಭೇಟಿಗಾರರ ಮೇಲೆ ಪರೀಕ್ಷಿಸಬಹುದು, ಉಚಿತವಾಗಿ. ಒಂದು ಸಲಕ್ಕೆ ಒಂದೇ ಸಂಗತಿ ಬದಲಿಸಿ. ಐಕಾನ್, ಚಿತ್ರ ಎರಡನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏರಿತು ಎಂದು ತಿಳಿಯುವುದಿಲ್ಲ. ಎರಡು ದಿನಕ್ಕೇ ಫಲಿತಾಂಶ ಘೋಷಿಸಬೇಡಿ. ವಾರದ ದಿನಗಳಲ್ಲಿ ಬರುವವರು ಬೇರೆ, ರಜೆಯಲ್ಲಿ ಬರುವವರು ಬೇರೆ. ಕನಿಷ್ಠ ಒಂದು ಪೂರ್ತಿ ವಾರ, ಭೇಟಿಗಾರರು ಕಡಿಮೆಯಿದ್ದರೆ ಇನ್ನೂ ಹೆಚ್ಚು ದಿನ ಬಿಡಿ.

ಹಂತ 5: ಮೊದಲ ನೂರು ಜನರನ್ನು ಕೈಯಾರೆ ಕರೆತನ್ನಿ

2023ರ ನವೆಂಬರ್ 13ರ ನಂತರ ಪ್ಲೇ ಸ್ಟೋರ್‌ನಲ್ಲಿ ವೈಯಕ್ತಿಕ ಡೆವಲಪರ್ ಖಾತೆ ತೆರೆದವರು ಆ್ಯಪ್ ಬಿಡುಗಡೆಗೆ ಮುನ್ನ ಕನಿಷ್ಠ 12 ಪರೀಕ್ಷಕರನ್ನಿಟ್ಟುಕೊಂಡು ಸತತ 14 ದಿನ ಕ್ಲೋಸ್ಡ್ ಟೆಸ್ಟಿಂಗ್ (ಆಯ್ದವರಿಗಷ್ಟೇ ಆ್ಯಪ್ ಕೊಟ್ಟು ಮಾಡುವ ಪರೀಕ್ಷೆ) ನಡೆಸಬೇಕು. ಶುರುವಿನಲ್ಲಿ ಈ ಸಂಖ್ಯೆ 20 ಇತ್ತು. ಅನೇಕರು ಇದನ್ನು ಕಿರಿಕಿರಿ ಎಂದುಕೊಂಡು ಯಾರ್ಯಾರನ್ನೋ ಸೇರಿಸಿ ಸಂಖ್ಯೆ ತುಂಬಿಸುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಆ 12 ಮಂದಿ ಹಂತ 1ರಲ್ಲಿ ಬರೆದ ನಿಮ್ಮ ವಾಕ್ಯದಲ್ಲಿರುವ ಜನರೇ ಆಗಿರಲಿ. ಹದಿನಾಲ್ಕು ದಿನ ಅವರೊಂದಿಗೆ ಮಾತಾಡಿ. ಬಿಡುಗಡೆಯ ದಿನ ಮೊದಲ ವಿಮರ್ಶೆ ಬರೆಯುವವರೂ, ನಾಲ್ಕು ಜನರಿಗೆ ಹೇಳುವವರೂ ಅವರೇ.

ಆಮೇಲೆ ನಿಮ್ಮ ಜನ ಈಗಾಗಲೇ ಸೇರುವ ಜಾಗಗಳಿಗೆ ಹೋಗಿ. ಸಕ್ಕರೆ ಕಾಯಿಲೆಯವರ ಗುಂಪುಗಳು, ಹಿರಿಯರನ್ನು ನೋಡಿಕೊಳ್ಳುವವರ ಬಳಗಗಳು, ಔಷಧಿ ಅಂಗಡಿ, ಕ್ಲಿನಿಕ್. ಹೋದ ದಿನವೇ ಲಿಂಕ್ ಎಸೆದರೆ ಗುಂಪಿನಿಂದ ಹೊರಹಾಕುತ್ತಾರೆ, ಅದು ಸರಿಯೂ ಹೌದು. ಕೆಲವು ವಾರ ಅವರ ಪ್ರಶ್ನೆಗಳಿಗೆ ಉತ್ತರಿಸಿ, ಸಂದರ್ಭ ಬಂದಾಗ ‘ಇದಕ್ಕೆಂದೇ ನಾವೊಂದು ಆ್ಯಪ್ ಮಾಡಿದ್ದೇವೆ, ಬಳಸಿ ನೋಡಿ ತಪ್ಪು ಹೇಳಿ’ ಎಂದು ನೇರವಾಗಿ ಹೇಳಿ. ನೂರು ಜನರಿಗೆ ಒಬ್ಬೊಬ್ಬರಿಗೇ ಸಂದೇಶ ಬರೆಯುವುದು ನಿಧಾನದ ಕೆಲಸ. ಆದರೆ ಅವರ ಬಾಯಿಂದ ಬರುವ ಪದಗಳು ಹಂತ 3ಕ್ಕೂ ಹಂತ 4ಕ್ಕೂ ಮತ್ತೆ ಮತ್ತೆ ನೆರವಾಗುತ್ತವೆ.

ಆ್ಯಪ್‌ಗೊಂದು ಸ್ವಂತ ವೆಬ್ ಪುಟವೂ ಇರಲಿ. ‘ಎರಡು ಮಾತ್ರೆಗಳ ನಡುವೆ ಎಷ್ಟು ಅಂತರವಿರಬೇಕೆಂದು ವೈದ್ಯರನ್ನು ಕೇಳುವುದು ಹೇಗೆ’ ಎಂಬಂಥ, ಜನ ನಿಜವಾಗಿ ಹುಡುಕುವ ವಿಷಯದ ಮೇಲೆ ನಾಲ್ಕೈದು ಒಳ್ಳೆಯ ಬರಹಗಳನ್ನು ಹಾಕಿ. ಐಫೋನ್‌ನ ಸಫಾರಿ ಬ್ರೌಸರ್‌ನಲ್ಲಿ ಆ ಪುಟ ತೆರೆದವರಿಗೆ ಮೇಲ್ಗಡೆ ಆ್ಯಪ್‌ನ ಅಡ್ಡಪಟ್ಟಿ ತೋರಿಸುವ ಸ್ಮಾರ್ಟ್ ಆ್ಯಪ್ ಬ್ಯಾನರ್ ಹಾಕಲು ಒಂದೇ ಸಾಲಿನ ಕೋಡ್ ಸಾಕು.

ಹಂತ 6: ರೇಟಿಂಗ್ ಕೇಳುವ ಗಳಿಗೆ

ರೇಟಿಂಗ್ ಕೇಳುವುದರಲ್ಲಿ ಹೊತ್ತುಗೊತ್ತು ಮುಖ್ಯ. ತೆರೆದ ಕೂಡಲೇ ಕೇಳಿದರೆ ಸಿಟ್ಟು, ಏನೋ ತಪ್ಪಾದಾಗ ಕೇಳಿದರೆ ಒಂದು ಸ್ಟಾರ್. ನಮ್ಮ ಉದಾಹರಣೆಯಲ್ಲಿ ಸರಿಯಾದ ಗಳಿಗೆ ಯಾವುದು? ಸತತ ಏಳು ದಿನ ಒಂದೂ ಮಾತ್ರೆ ತಪ್ಪಿಸದೆ, ಏಳನೇ ದಿನದ ಕೊನೆಯ ಮಾತ್ರೆಗೆ ‘ತೆಗೆದುಕೊಂಡೆ’ ಎಂದು ಒತ್ತಿದ ಮರುಗಳಿಗೆ. ಆ ಸಮಾಧಾನದಲ್ಲಿ ಕೇಳಿ.

ಇದಕ್ಕೆ ಎರಡೂ ಸ್ಟೋರ್‌ಗಳ ರೇಟಿಂಗ್ ಕೇಳುವ ಸ್ವಂತ ಪೆಟ್ಟಿಗೆಯನ್ನೇ ಬಳಸಿ. ಆಪಲ್‌ನ ಪೆಟ್ಟಿಗೆ 365 ದಿನಗಳಲ್ಲಿ ಒಬ್ಬರಿಗೆ ಮೂರು ಸಲಕ್ಕಿಂತ ಹೆಚ್ಚು ಕಾಣಿಸುವುದಿಲ್ಲ, ಹಾಗಾಗಿ ಅದನ್ನು ಎಲ್ಲೆಂದರಲ್ಲಿ ಕಳೆಯಬೇಡಿ. ಗೂಗಲ್‌ನ ಪೆಟ್ಟಿಗೆ, ಇನ್-ಆ್ಯಪ್ ರಿವ್ಯೂ, 2020ರಿಂದ ಇದೆ. ಪೆಟ್ಟಿಗೆ ತೋರಿಸುವ ಮುಂಚೆ ‘ಆ್ಯಪ್ ಇಷ್ಟವಾಯಿತೇ?’ ಎಂದು ಕೇಳಿ, ಹೌದು ಎಂದವರನ್ನು ಮಾತ್ರ ಮುಂದೆ ಕಳಿಸುವ ಜಾಣತನವನ್ನು ಗೂಗಲ್ ಒಪ್ಪುವುದಿಲ್ಲ. ದುಡ್ಡು ಕೊಟ್ಟು ವಿಮರ್ಶೆ ಬರೆಸುವುದಂತೂ ಎರಡೂ ಕಡೆ ನಿಷಿದ್ಧ. ಸಿಕ್ಕಿಬಿದ್ದರೆ ಆ್ಯಪೇ ಹೋಗಬಹುದು, ಜೊತೆಗೆ ಅದು ಓದುವವರಿಗೆ ಮಾಡುವ ಮೋಸ.

ಕೆಟ್ಟ ವಿಮರ್ಶೆಗೆ ಉತ್ತರ ಬರೆಯುವುದನ್ನು ದಿನಚರಿಯಾಗಿಸಿ. ಪ್ಲೇ ಸ್ಟೋರ್‌ನಲ್ಲಿ ಉತ್ತರಕ್ಕೆ 350 ಅಕ್ಷರದ ಮಿತಿ. ಕ್ಷಮೆ ಒಂದು ಸಾಲು, ಏನು ಮಾಡುತ್ತಿದ್ದೀರಿ ಎಂಬುದು ಒಂದು ಸಾಲು. ತೊಂದರೆ ಸರಿಯಾದ ಮೇಲೆ ಮತ್ತೆ ಹೋಗಿ ‘ಈ ಆವೃತ್ತಿಯಲ್ಲಿ ಸರಿಪಡಿಸಿದ್ದೇವೆ’ ಎಂದು ಉತ್ತರ ತಿದ್ದಿ. ಒಂದು ಸ್ಟಾರ್ ಕೊಟ್ಟವರು ಅದನ್ನು ನಾಲ್ಕಕ್ಕೆ ಏರಿಸಿದ್ದನ್ನು ನಾನು ಕಂಡಿದ್ದೇನೆ. ಪ್ಲೇ ಸ್ಟೋರ್ ಹೊಸ ರೇಟಿಂಗ್‌ಗಳಿಗೆ ಹೆಚ್ಚು ತೂಕ ಕೊಡುವುದರಿಂದ ಹಳೆಯ ಕಳಂಕ ಶಾಶ್ವತವಲ್ಲ.

ಹಂತ 7: ಹಂಚಿಕೊಳ್ಳಲು ಕಾರಣ ಆ್ಯಪ್ ಒಳಗೇ ಇರಲಿ

‘ಗೆಳೆಯರಿಗೆ ಹೇಳಿ’ ಎಂಬ ಬಟನ್ ಮೆನುವಿನ ಮೂಲೆಯಲ್ಲಿಟ್ಟರೆ ಯಾರೂ ಒತ್ತುವುದಿಲ್ಲ. ಹಂಚಿಕೊಂಡರೆ ಹಂಚಿಕೊಂಡವರ ಕೆಲಸವೇ ಸುಲಭವಾಗಬೇಕು. ಕಡತಗಳನ್ನು ಆನ್‌ಲೈನ್‌ನಲ್ಲಿ ಇಟ್ಟುಕೊಳ್ಳುವ ಸೇವೆಯಾದ ಡ್ರಾಪ್‌ಬಾಕ್ಸ್, ಪರಿಚಯಿಸಿದವರಿಗೂ ಪರಿಚಯವಾಗಿ ಬಂದವರಿಗೂ, ಇಬ್ಬರಿಗೂ ಹೆಚ್ಚುವರಿ ಸ್ಟೋರೇಜ್ ಜಾಗ ಕೊಟ್ಟಿತು. ಅದರ ಸಹಸ್ಥಾಪಕ ಡ್ರೂ ಹ್ಯೂಸ್ಟನ್ ಹಂಚಿಕೊಂಡ ಲೆಕ್ಕದಂತೆ 2008ರ ಸೆಪ್ಟೆಂಬರ್‌ನಲ್ಲಿ 1 ಲಕ್ಷವಿದ್ದ ನೋಂದಾಯಿತ ಬಳಕೆದಾರರು 2010ರ ಜನವರಿಗೆ 40 ಲಕ್ಷವಾಗಿದ್ದರು. ಅಲ್ಲಿ ಬಹುಮಾನವಾಗಿ ಕೊಟ್ಟದ್ದು ದುಡ್ಡಲ್ಲ, ಜನ ಯಾವುದಕ್ಕಾಗಿ ಬಂದಿದ್ದರೋ ಅದನ್ನೇ ಇನ್ನಷ್ಟು. ಮಾತ್ರೆಯ ಆ್ಯಪ್‌ನಲ್ಲಿ ಇದು ಇನ್ನೂ ಸಹಜ: ಅಪ್ಪನ ಮಾತ್ರೆಯ ಪಟ್ಟಿಯನ್ನು ತಂಗಿಯೂ ನೋಡಬೇಕೆಂದರೆ ಅವಳೂ ಆ್ಯಪ್ ಹಾಕಿಕೊಳ್ಳಬೇಕು. ಪ್ರತಿ ಮನೆಯಿಂದ ಎರಡನೇ, ಮೂರನೇ ಡೌನ್‌ಲೋಡ್ ಹೀಗೆ ಬರುತ್ತದೆ.

ಹಂತ 8: ಜಾಹೀರಾತು, ಈಗ

ಮೇಲಿನ ಏಳು ಹಂತ ಮುಗಿದು 30ನೇ ದಿನದ ಅಂಕಿ ನಿಮಗೆ ಸಮಾಧಾನ ತಂದಿದ್ದರೆ ಮಾತ್ರ ಇಲ್ಲಿಗೆ ಬನ್ನಿ.

ಶುರು ಮಾಡಲು ಆ್ಯಪ್ ಸ್ಟೋರ್‌ನ ಹುಡುಕಾಟದ ಜಾಹೀರಾತು ಒಳ್ಳೆಯದು. ‘ಮಾತ್ರೆ ಅಲಾರಂ’ ಎಂದು ಟೈಪ್ ಮಾಡಿದವರಿಗೇ ನಿಮ್ಮ ಆ್ಯಪ್ ತೋರುತ್ತದೆ, ಅಂದರೆ ಅವರಿಗೆ ಅದು ಬೇಕಾಗಿದೆ ಎಂಬುದು ಮೊದಲೇ ಗೊತ್ತು. ಯಾವ ಪದದಿಂದ ಬಂದವರು ಹೆಚ್ಚು ಡೌನ್‌ಲೋಡ್ ಮಾಡಿದರು ಎಂಬ ಲೆಕ್ಕವೂ ಸಿಗುತ್ತದೆ. ಅದನ್ನು ಹಂತ 3ರ ಪಟ್ಟಿಗೆ ಸೇರಿಸಿ. ಗೂಗಲ್‌ನ ಆ್ಯಪ್ ಕ್ಯಾಂಪೇನ್ ಬೇರೆ ಬಗೆಯದು. ಪಠ್ಯ, ಚಿತ್ರ, ವಿಡಿಯೊ, ಬಜೆಟ್ ನೀವು ಕೊಡುತ್ತೀರಿ. ಹುಡುಕಾಟ, ಪ್ಲೇ ಸ್ಟೋರ್, ಯೂಟ್ಯೂಬ್ ಮುಂತಾದ ಕಡೆ ಯಾವುದನ್ನು ಯಾರಿಗೆ ತೋರಿಸಬೇಕು ಎಂಬುದನ್ನು ಅದೇ ನಿರ್ಧರಿಸುತ್ತದೆ. ಇಲ್ಲಿ ಗುರಿಯಾಗಿ ಬರೀ ‘ಇನ್‌ಸ್ಟಾಲ್’ ಕೊಟ್ಟರೆ ಹಾಕಿಕೊಂಡು ಮರೆಯುವವರನ್ನೂ ಹುಡುಕಿ ತರುತ್ತದೆ. ಸಾಕಷ್ಟು ಬಳಕೆದಾರರು ಸೇರಿದ ಮೇಲೆ ‘ಮೊದಲ ಮಾತ್ರೆ ಸೇರಿಸಿದವರು’ ಎಂಬಂಥ ಕ್ರಿಯೆಯನ್ನು ಗುರಿಯಾಗಿ ಕೊಡಿ.

ಲೆಕ್ಕವನ್ನೂ ಹಾಗೆಯೇ ಹಾಕಿ. ಜಾಹೀರಾತಿನಿಂದ 100 ಡೌನ್‌ಲೋಡ್ ಬಂದು 30ನೇ ದಿನಕ್ಕೆ 8 ಮಂದಿ ಉಳಿದರೆ, ಇಡೀ ಖರ್ಚನ್ನು 100ರಿಂದ ಅಲ್ಲ, 8ರಿಂದ ಭಾಗಿಸಿ. ಆ ಮೊತ್ತ ನೋಡಿ ಎದೆ ಧಸಕ್ ಎಂದರೆ ಕ್ಯಾಂಪೇನ್ ನಿಲ್ಲಿಸಿ ಹಂತ 2ಕ್ಕೆ ಮರಳಿ. ಐಫೋನ್ ಬಳಕೆದಾರರ ವಿಷಯದಲ್ಲಿ ಒಂದು ಎಚ್ಚರ: 2021ರ ಏಪ್ರಿಲ್‌ನಲ್ಲಿ ಬಂದ ಐಒಎಸ್ 14.5ರಿಂದ, ಬೇರೆ ಆ್ಯಪ್‌ಗಳಾಚೆ ಅವರನ್ನು ಹಿಂಬಾಲಿಸಲು ಅವರ ಅನುಮತಿ ಬೇಕು, ಹಲವರು ಕೊಡುವುದಿಲ್ಲ. ಹಾಗಾಗಿ ಒಬ್ಬೊಬ್ಬರೂ ಎಲ್ಲಿಂದ ಬಂದರು ಎಂದು ಹುಡುಕುವ ಬದಲು, ಜಾಹೀರಾತು ನಿಲ್ಲಿಸಿದ ವಾರಕ್ಕೂ ನಡೆಸಿದ ವಾರಕ್ಕೂ ಒಟ್ಟು ಡೌನ್‌ಲೋಡ್‌ನಲ್ಲಿ ಎಷ್ಟು ವ್ಯತ್ಯಾಸ ಎಂದು ನೋಡಿ.

ಹಂತ 9: ವಾರಕ್ಕೊಂದು ಗಂಟೆ

ವಾರದ ಒಂದು ದಿನ ಗೊತ್ತು ಮಾಡಿಕೊಂಡು ನಾಲ್ಕು ಅಂಕಿ ಬರೆದಿಡಿ: ಪುಟಕ್ಕೆ ಬಂದವರು, ಡೌನ್‌ಲೋಡ್ ಮಾಡಿದವರು, 7ನೇ ದಿನ ಉಳಿದವರು, ತೆಗೆದುಹಾಕಿದವರು. ಹುಡುಕಾಟದಿಂದ ಎಷ್ಟು ಜನ, ಹೊರಗಿನ ಲಿಂಕ್‌ಗಳಿಂದ ಎಷ್ಟು ಜನ ಎಂದು ಎರಡೂ ಸ್ಟೋರ್‌ಗಳ ಕನ್ಸೋಲ್‌ಗಳು ಬೇರೆ ಬೇರೆಯಾಗಿ ತೋರಿಸುತ್ತವೆ. ಪಕ್ಕದಲ್ಲಿ ಆ ವಾರ ನೀವು ಬದಲಿಸಿದ ಒಂದು ಸಂಗತಿಯನ್ನು ಬರೆಯಿರಿ. ಮೂರು ತಿಂಗಳಾದ ಮೇಲೆ ಆ ಹಾಳೆಗಿಂತ ದೊಡ್ಡ ಸಲಹೆಗಾರ ನಿಮಗೆ ಬೇಕಾಗುವುದಿಲ್ಲ.

ಆ ಗಂಟೆಯಲ್ಲಿ ಉಳಿದ ಹೊತ್ತನ್ನು ಇನ್ನೊಂದು ಭಾಷೆಗೆ ಕೊಡಿ. ಆ್ಯಪ್ ಅನುವಾದವಾಗುವ ಮೊದಲೇ ಸ್ಟೋರ್ ಪುಟವನ್ನು ಆ ಭಾಷೆಗೆ ತಂದು, ಅಲ್ಲಿಂದ ಎಷ್ಟು ಜನ ಬರುತ್ತಾರೆ ಎಂದು ನೋಡಬಹುದು. ಆದರೆ ಒಳಗೆ ಆ್ಯಪ್ ಯಾವ ಭಾಷೆಯಲ್ಲಿದೆ ಎಂದು ವಿವರಣೆಯಲ್ಲಿ ಸ್ಪಷ್ಟವಾಗಿ ಹೇಳಿ. ಅನುವಾದವನ್ನು ಯಂತ್ರಕ್ಕೆ ಬಿಟ್ಟು ಕೈತೊಳೆದುಕೊಳ್ಳಬೇಡಿ. ಆ ಭಾಷೆಯನ್ನು ಮನೆಯಲ್ಲಿ ಆಡುವ ಒಬ್ಬರಿಗೆ ತೋರಿಸಿ, ‘ನಿಮ್ಮಲ್ಲಿ ಇದನ್ನು ಏನೆಂದು ಹುಡುಕುತ್ತಾರೆ?’ ಎಂದು ಕೇಳಿ, ಅವರು ಹೇಳಿದ ಪದದಿಂದ ಪಟ್ಟಿಯನ್ನು ಹೊಸದಾಗಿ ಶುರು ಮಾಡಿ.